ಟೆರಾ ಹೋಟ್: ಟ್ರಂಪ್ ಊರಾ, ಡೆಮಾಕ್ರಟಿಕ್ ಊರಾ?

ಪ್ರಶ್ನೆ: ನನ್ನ ಮಗಳಿಗೆ ಅಮೆರಿಕದ ಇಂಡಿಯಾನಾ ರಾಜ್ಯದ ಟೆರಾ ಹೋಟ್ ಎಂಬ ಊರಿನಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಇಂಡಿಯಾನಾ ಸ್ಟೇಟ್ ಯೂನಿವರ್ಸಿಟಿ. ಊರಿನ ಬಗ್ಗೆ ವಿಚಾರಿಸಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. "ಅದು ಪಕ್ಕಾ ಟ್ರಂಪ್ ಊರು" ಅಂತ ಒಬ್ಬರು. "ಇಲ್ಲ, ಅಲ್ಲಿನ ಮೇಯರ್ ಡೆಮಾಕ್ರಟಿಕ್ ಪಕ್ಷದವರು" ಅಂತ ಇನ್ನೊಬ್ಬರು. "ಆ ಊರು ಯಾರಿಗೆ ಓಟು ಹಾಕುತ್ತದೋ ಅವರೇ ಅಮೆರಿಕದ ಅಧ್ಯಕ್ಷರಾಗುತ್ತಾರೆ" ಎಂದೂ ಓದಿದೆ. ಯಾವುದನ್ನು ನಂಬಬೇಕು? ಚಿಕ್ಕ ಊರಿನ ರಾಜಕೀಯ ಒಲವು ತಿಳಿಯುವುದು ಹೇಗೆ? ಮಗಳಿಗೆ ಅಲ್ಲಿ ತೊಂದರೆ ಆಗಲ್ಲ ತಾನೇ? (ಒಬ್ಬ ತಂದೆ, ದಾವಣಗೆರೆ)

ಉತ್ತರ:

ಮೊದಲ ಎರಡೂ ಮಾತು ನಿಜ ಸರ್. ಮೂರನೆಯದು 2016ರವರೆಗೆ ಹೆಚ್ಚುಕಡಿಮೆ ನಿಜವಾಗಿತ್ತು. ನಿಮಗೆ ಹೇಳಿದವರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಒಬ್ಬೊಬ್ಬರು ಒಂದೊಂದು ಚುನಾವಣೆ ನೋಡಿದ್ದಾರೆ, ಒಂದೊಂದು ಗಡಿ ಹಾಕಿಕೊಂಡಿದ್ದಾರೆ, ಅಷ್ಟೇ.

ಗಡಿಯ ವಿಷಯದಿಂದಲೇ ಶುರು ಮಾಡೋಣ, ಜಾಸ್ತಿ ಗೊಂದಲ ಇರುವುದು ಅಲ್ಲೇ. ವಾಬಾಶ್ ನದಿಯ ದಡದಲ್ಲಿರುವ ಟೆರಾ ಹೋಟ್ ನಗರದ ಜನಸಂಖ್ಯೆ 2020ರ ಜನಗಣತಿಯ ಪ್ರಕಾರ ಸುಮಾರು 58 ಸಾವಿರ. ಈ ನಗರವೂ ಸುತ್ತಲಿನ ಹಳ್ಳಿ, ಹೊಲ, ಚಿಕ್ಕ ಬಡಾವಣೆಗಳೂ ಸೇರಿ ವಿಗೊ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು. ಕೌಂಟಿಯ ಜನಸಂಖ್ಯೆ ಸುಮಾರು 1 ಲಕ್ಷ 6 ಸಾವಿರ. ಅಂದರೆ ಕೌಂಟಿಯ ಹತ್ತಿರ ಹತ್ತಿರ ಅರ್ಧ ಜನ ನಗರದ ಹೊರಗಿದ್ದಾರೆ. ಟಿವಿಯಲ್ಲಿ ಕೆಂಪು (ಟ್ರಂಪ್ ಅವರ ರಿಪಬ್ಲಿಕನ್ ಪಕ್ಷ), ನೀಲಿ (ಡೆಮಾಕ್ರಟಿಕ್ ಪಕ್ಷ) ಬಣ್ಣದ ನಕ್ಷೆ ತೋರಿಸುತ್ತಾರಲ್ಲ, ಅದರಲ್ಲಿ ಬಣ್ಣ ಬೀಳುವುದು ಕೌಂಟಿಗೆ. ನಗರ ಅದರೊಳಗೆ ಮುಚ್ಚಿ ಹೋಗುತ್ತದೆ.

ಕೌಂಟಿ ಲೆಕ್ಕ ಹೀಗಿದೆ. 2008ರಲ್ಲಿ ಒಬಾಮಾ ಇಲ್ಲಿ ಸುಮಾರು 16 ಶೇಕಡಾ ಅಂತರದಿಂದ ಗೆದ್ದರು. 2012ರಲ್ಲೂ ಅವರೇ ಗೆದ್ದರು, ಆದರೆ ಒಂದು ಶೇಕಡಾಕ್ಕಿಂತ ಕಡಿಮೆ ಅಂತರದಲ್ಲಿ. 2016ರಲ್ಲಿ ಟ್ರಂಪ್ ಸುಮಾರು 15 ಶೇಕಡಾ ಅಂತರದಿಂದ ಗೆದ್ದರು. 2020 ಮತ್ತು 2024ರಲ್ಲೂ ಅವರಿಗೇ ದೊಡ್ಡ ಮುನ್ನಡೆ. ಎಂಟೇ ವರ್ಷದಲ್ಲಿ ಆ ಕಡೆಯ ಹದಿನಾರು ಈ ಕಡೆಯ ಹದಿನೈದಾಯಿತು. ಅಷ್ಟು ಬೇಗ ಊರಿನ ಜನ ಬದಲಾಗುವುದಿಲ್ಲ. ಅದೇ ಮನೆಗಳಲ್ಲಿ ಅದೇ ಜನ ಇದ್ದರು, ಓಟು ಬದಲಾಯಿತು. "ಟ್ರಂಪ್ ಊರು" ಅನ್ನುವವರು ಈ ಅರ್ಧ ಭಾಗವನ್ನು ಮರೆತುಬಿಡುತ್ತಾರೆ.

ನಗರದ ಒಳಗೆ ಬಂದರೆ ಚಿತ್ರ ಬೇರೆ. ಯೂನಿವರ್ಸಿಟಿ ಮತ್ತು ಹಳೇ ಪೇಟೆಯ ಸುತ್ತಲಿನ ಮತಗಟ್ಟೆಗಳು ಡೆಮಾಕ್ರಟಿಕ್ ಕಡೆ ವಾಲುತ್ತವೆ. ಹೊರವಲಯಕ್ಕೆ ಹೋದಷ್ಟೂ ರಿಪಬ್ಲಿಕನ್ ಬಣ್ಣ ಗಾಢವಾಗುತ್ತದೆ. ರಾಜ್ಯದ ಕೆಳಮನೆಯಲ್ಲಿ ನಗರವನ್ನು ಪ್ರತಿನಿಧಿಸುವ 43ನೇ ಕ್ಷೇತ್ರ ನೋಡಿ. 2018ರಲ್ಲಿ ಅಲ್ಲಿ ಗೆದ್ದವರು ಟೋನ್ಯಾ ಫಾಫ್, ಡೆಮಾಕ್ರಟಿಕ್ ಪಕ್ಷ. ಅವರಿಗಿಂತ ಮುಂಚೆ ಇದ್ದವರೂ ಅದೇ ಪಕ್ಷದವರು. ಟ್ರಂಪ್ ಗೆದ್ದ ಕೌಂಟಿಯೊಳಗೇ ಈ ಕ್ಷೇತ್ರ ಇದೆ.

ಇನ್ನು ಮೇಯರ್ ಕಥೆ. ಇದು ನನಗೆ ಇಷ್ಟದ ಭಾಗ, ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಇಂಡಿಯಾನಾದಲ್ಲಿ ಮೇಯರ್ ಚುನಾವಣೆ ಅಧ್ಯಕ್ಷೀಯ ಚುನಾವಣೆಯ ಹಿಂದಿನ ವರ್ಷ ಬರುತ್ತದೆ. 2007, 2011, 2015, 2019, 2023 ಹೀಗೆ. ಆ ವರ್ಷ ದೇಶದ ಯಾವ ದೊಡ್ಡ ಹೆಸರೂ ಮತಪತ್ರದಲ್ಲಿ ಇರುವುದಿಲ್ಲ. ಓಟು ಹಾಕಲು ಬರುವವರೂ ತುಂಬಾ ಕಡಿಮೆ. ಬರುವವರು ರಸ್ತೆ ಗುಂಡಿ, ಚರಂಡಿ, ನಗರದ ಸಾಲ ಇಂಥವನ್ನು ತಲೆಯಲ್ಲಿಟ್ಟುಕೊಂಡು ಬರುತ್ತಾರೆ.

2007ರಲ್ಲಿ ರಿಪಬ್ಲಿಕನ್ ಪಕ್ಷದ ಡ್ಯೂಕ್ ಬೆನೆಟ್ ಅಧಿಕಾರದಲ್ಲಿದ್ದ ಡೆಮಾಕ್ರಟಿಕ್ ಮೇಯರ್ ಕೆವಿನ್ ಬರ್ಕ್ ಅವರನ್ನು ಸೋಲಿಸಿದರು. ಅಂತರ ನೂರು ಚಿಲ್ಲರೆ ಓಟು. ಸೋತವರು ಕೋರ್ಟಿಗೆ ಹೋದರು. ಬೆನೆಟ್ ಕೆಲಸ ಮಾಡುತ್ತಿದ್ದ ಸಂಸ್ಥೆಗೆ ಕೇಂದ್ರ ಸರ್ಕಾರದ ಅನುದಾನ ಬರುತ್ತಿತ್ತು, ಅಂಥ ಉದ್ಯೋಗಿ ಪಕ್ಷದ ಚುನಾವಣೆಗೆ ನಿಲ್ಲುವಂತಿಲ್ಲ ಎಂಬುದು ವಾದ. ಕೇಸು ಇಂಡಿಯಾನಾ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ಬೆನೆಟ್ ಕಡೆ ತೀರ್ಪಾಯಿತು. ಈಗ ಒಂದು ವಿಚಿತ್ರ ಗಮನಿಸಿ. ಒಬಾಮಾಗೆ 16 ಶೇಕಡಾ ಮುನ್ನಡೆ ಕೊಟ್ಟ ವರ್ಷ ಇಲ್ಲಿ ರಿಪಬ್ಲಿಕನ್ ಮೇಯರ್ ಇದ್ದರು. ಆ ಬೆನೆಟ್ ನಾಲ್ಕು ಅವಧಿ ಆಳಿದರು. 2023ರಲ್ಲಿ ಅವರನ್ನು ಸೋಲಿಸಿದ್ದು ಡೆಮಾಕ್ರಟಿಕ್ ಪಕ್ಷದ ಬ್ರ್ಯಾಂಡನ್ ಸಕ್‌ಬನ್. ಸೈನ್ಯದಲ್ಲಿ ಅಧಿಕಾರಿಯಾಗಿದ್ದು ಬಂದ ಹುಡುಗ, ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಮುಂದಿನ ವರ್ಷವೇ ಕೌಂಟಿ ಟ್ರಂಪ್‌ಗೆ ಭಾರಿ ಬಹುಮತ ಕೊಟ್ಟಿತು. ದಿಲ್ಲಿಗೊಂದು, ಗಲ್ಲಿಗೊಂದು ಅನ್ನುವುದು ನಮ್ಮ ಕಡೆ ಮಾತ್ರ ಅಲ್ಲ ಅಲ್ವಾ!

2019ರ ಮೇಯರ್ ಚುನಾವಣೆ ಇನ್ನೂ ಮಜಾ. ತ್ರಿಕೋನ ಸ್ಪರ್ಧೆ. ಪಕ್ಷೇತರರಾಗಿ ನಿಂತಿದ್ದ ಪ್ಯಾಟ್ ಗುಡ್‌ವಿನ್ ಬೆನೆಟ್ ಎದುರು ಕೂದಲೆಳೆಯಲ್ಲಿ ಸೋತರು, ಡೆಮಾಕ್ರಟಿಕ್ ಅಭ್ಯರ್ಥಿ ಮೂರನೇ ಸ್ಥಾನಕ್ಕೆ ಜಾರಿದರು. ಅದೇ ಗುಡ್‌ವಿನ್ 2023ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಗೆ ನಿಂತು ಸಕ್‌ಬನ್ ಎದುರು ಸೋತರು. ನಗರದ ಮಟ್ಟದಲ್ಲಿ ಪಕ್ಷದ ಚೀಟಿ ಅಷ್ಟು ಗಟ್ಟಿಯಾಗಿ ಅಂಟಿರುವುದಿಲ್ಲ.

ಹಾಗಾದರೆ "ಈ ಊರು ಯಾರಿಗೋ ಅವರೇ ಅಧ್ಯಕ್ಷ" ಎಂಬ ಮಾತು ಎಲ್ಲಿಂದ ಬಂತು? 1888ರಿಂದ 2016ರವರೆಗೆ ವಿಗೊ ಕೌಂಟಿ ಎರಡೇ ಸಲ ತಪ್ಪಿತ್ತು. 1908ರಲ್ಲಿ ಟ್ಯಾಫ್ಟ್ ಬದಲು ಬ್ರಯನ್‌ಗೆ ಓಟು ಹಾಕಿತ್ತು, 1952ರಲ್ಲಿ ಐಸೆನ್‌ಹೋವರ್ ಬದಲು ಸ್ಟೀವನ್‌ಸನ್‌ಗೆ. 1956ರಿಂದ 2016ರವರೆಗೆ ಸಾಲಾಗಿ 16 ಚುನಾವಣೆಯಲ್ಲಿ ಗೆದ್ದವರ ಜೊತೆಗೇ ಇತ್ತು. ಕೆನಡಿ, ನಿಕ್ಸನ್, ಕಾರ್ಟರ್, ರೇಗನ್, ಕ್ಲಿಂಟನ್, ಬುಷ್, ಒಬಾಮಾ, ಟ್ರಂಪ್, ಎಲ್ಲರೂ. ಹೀಗಾಗಿ ನಾಲ್ಕು ವರ್ಷಕ್ಕೊಮ್ಮೆ ಪತ್ರಕರ್ತರ ದಂಡು ಇಲ್ಲಿಗೆ ಬಂದು, ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಕೂತವರ ಮುಂದೆ ಮೈಕ್ ಹಿಡಿಯುತ್ತಿತ್ತು.

ಇದನ್ನು ಜಾತ್ರೆಯ ಗಿಳಿಶಾಸ್ತ್ರದಷ್ಟೇ ನಂಬಿ. ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಿವೆ. ಅಷ್ಟರಲ್ಲಿ ಕೆಲವು ಸಾಲಾಗಿ ಸರಿ ಬೀಳುವುದು ಆಶ್ಚರ್ಯವಲ್ಲ. ಮೇಲಾಗಿ 1964, 1972, 1984ರಂಥ ಏಕಪಕ್ಷೀಯ ಚುನಾವಣೆಗಳಲ್ಲಿ ದೇಶದ ಬಹುತೇಕ ಕೌಂಟಿಗಳು ಗೆದ್ದವರ ಕಡೆಯೇ ಇದ್ದವು. ಅವು ಯಾರಿಗೂ ಪರೀಕ್ಷೆಯೇ ಅಲ್ಲ. ಹಾಗಂತ ಎಲ್ಲವೂ ಕಾಕತಾಳೀಯ ಅಂತಲೂ ಹೇಳುವುದಿಲ್ಲ. ಕಾರ್ಖಾನೆ ಕಾರ್ಮಿಕರು, ಗಣಿ ಕಾರ್ಮಿಕರ ಸಂಘ, ಕಾಲೇಜು, ರೈತರು, ಚರ್ಚು, ಉತ್ತರದ ಗುಣ ಒಂದಿಷ್ಟು, ದಕ್ಷಿಣದ ಗುಣ ಒಂದಿಷ್ಟು, ಎಲ್ಲ ಇಲ್ಲಿ ಸಮಪಾಕದಲ್ಲಿ ಬೆರೆತಿದ್ದವು. ಯಾವ ಪಕ್ಷಕ್ಕೂ ಈ ಊರು ಕೈಯಲ್ಲಿದೆ ಅನ್ನುವ ಧೈರ್ಯ ಇರಲಿಲ್ಲ.

2020ರಲ್ಲಿ ಸರಪಳಿ ಕಡಿಯಿತು. ವಿಗೊ ಟ್ರಂಪ್ ಕಡೆ, ದೇಶ ಬೈಡನ್ ಕಡೆ. ಇದೊಂದೇ ಅಲ್ಲ. 1980ರಿಂದ ಒಂದು ಸಲವೂ ತಪ್ಪದ 19 ಕೌಂಟಿಗಳಿದ್ದವು. ಆ ಸಲ 18 ತಪ್ಪಿದವು. ಉಳಿದದ್ದು ವಾಷಿಂಗ್ಟನ್ ರಾಜ್ಯದ ಕ್ಲಾಲಮ್ ಕೌಂಟಿ ಒಂದೇ. 2024ರಲ್ಲಿ ಅದೂ ಸೋತ ಕಮಲಾ ಹ್ಯಾರಿಸ್‌ಗೆ ಓಟು ಹಾಕಿ ತಪ್ಪಿತು. ಆ ವರ್ಷ ವಿಗೊ ಮತ್ತೆ ಗೆದ್ದವರ ಕಡೆ ಇತ್ತು. ಆದರೆ ಈಗ ಅದಕ್ಕೆ ಬೆಲೆ ಇಲ್ಲ. ಎರಡೂ ಕಡೆ ಓಲಾಡುತ್ತಿದ್ದ ಊರು ಸರಿಯಾಗಿ ಹೇಳುವುದು ಬೇರೆ, ಒಂದೇ ಕಡೆ ನಿಂತ ಊರಿಗೆ ದೇಶ ತಾನಾಗಿ ಬಂದು ಸೇರುವುದು ಬೇರೆ.

ಯಾಕೆ ಒಂದೇ ಕಡೆ ನಿಂತಿತು? ಮೊದಲ ಕಾರಣ ಕೆಲಸ. 1960ರಲ್ಲಿ ಈ ನಗರದ ಜನಸಂಖ್ಯೆ 72 ಸಾವಿರ ಇತ್ತು. ಆಮೇಲೆ ಇಳಿಯಿತು. ಕೋಕಾ ಕೋಲಾದ ಆ ಪ್ರಸಿದ್ಧ ಬಾಟಲಿಯ ವಿನ್ಯಾಸ 1915ರಲ್ಲಿ ಆಗಿದ್ದು ಇಲ್ಲಿನ ರೂಟ್ ಗ್ಲಾಸ್ ಕಂಪನಿಯಲ್ಲಿ. ಅಮೆರಿಕದ ಮೊದಲ ಸಿಡಿ ಕಾರ್ಖಾನೆ 1984ರಲ್ಲಿ ಶುರುವಾಗಿದ್ದು ಇಲ್ಲೇ. ಸಿಡಿ ಕೊಳ್ಳುವವರು ಕಡಿಮೆಯಾದಂತೆ ಆ ಕೆಲಸವೂ ಕರಗಿತು. ಉಸಿರಿನ ಮೂಲಕ ತೆಗೆದುಕೊಳ್ಳುವ ಇನ್ಸುಲಿನ್ ಅನ್ನು ಫೈಜರ್ 2007ರಲ್ಲಿ ಕೈಬಿಟ್ಟಾಗ ಇಲ್ಲಿ ನೂರಾರು ಜನ ಕೆಲಸ ಕಳೆದುಕೊಂಡರು. ಗಾಜು, ಕಲ್ಲಿದ್ದಲು, ಡಿಸ್ಕು, ಔಷಧ, ಒಂದಾದ ಮೇಲೆ ಒಂದು. ಕಾರ್ಮಿಕ ಸಂಘದ ಬಲ ಹೋದಾಗ, "ನಮ್ಮ ಮನೇಲಿ ಎಲ್ಲರೂ ಡೆಮಾಕ್ರಾಟ್" ಅನ್ನುವ ಅಭ್ಯಾಸವೂ ಸಡಿಲವಾಯಿತು.

ಎರಡನೆಯದು ಡಿಗ್ರಿ. ಇತ್ತೀಚಿನ ಚುನಾವಣೆಗಳಲ್ಲಿ ಬಿಳಿಯರ ಓಟನ್ನು ಕಾಲೇಜು ಡಿಗ್ರಿ ಇದೆಯೋ ಇಲ್ಲವೋ ಎಂಬುದೇ ಹೆಚ್ಚಾಗಿ ಬೇರ್ಪಡಿಸುತ್ತಿದೆ. ಡಿಗ್ರಿ ಇಲ್ಲದ ಬಿಳಿಯರು ರಿಪಬ್ಲಿಕನ್ ಕಡೆ ಸರಿದರು. ವಿಗೊದಲ್ಲಿ ಬಹುಸಂಖ್ಯಾತರು ಅವರೇ. ಇಲ್ಲಿ ಇಂಡಿಯಾನಾ ಸ್ಟೇಟ್ ಇದೆ, ರೋಸ್ ಹಲ್ಮನ್ ಎಂಬ ಹೆಸರಾಂತ ಎಂಜಿನಿಯರಿಂಗ್ ಕಾಲೇಜೂ ಇದೆ. ಆದರೆ ಓದಿದವರು ಡಿಗ್ರಿ ಹಿಡಿದು ಇಂಡಿಯಾನಾಪೊಲಿಸ್, ಶಿಕಾಗೊ ಬಸ್ಸು ಹತ್ತುತ್ತಾರೆ. 2020ರಲ್ಲಿ ಬೈಡನ್ ಅವರನ್ನು ದಡ ಸೇರಿಸಿದ್ದು ಅಟ್ಲಾಂಟಾ, ಫಿಲಡೆಲ್ಫಿಯಾದ ಸುತ್ತಲಿನ ಓದಿದವರ ಬಡಾವಣೆಗಳು. ಟೆರಾ ಹೋಟ್ ಪಕ್ಕದಲ್ಲಿ ಅಂಥ ಬಡಾವಣೆಗಳಿಲ್ಲ.

ಮೂರನೆಯದು ಮತಪತ್ರವೇ. ಇದನ್ನು ಹೊರಗಿನವರು ಗಮನಿಸುವುದು ಕಡಿಮೆ. ಇಂಡಿಯಾನಾದಲ್ಲಿ ಒಂದೇ ಗುರುತು ಹಾಕಿ ಒಂದು ಪಕ್ಷದ ಬಹುತೇಕ ಎಲ್ಲ ಅಭ್ಯರ್ಥಿಗಳಿಗೂ ಓಟು ಕೊಡುವ ಅವಕಾಶ ಇನ್ನೂ ಇದೆ. ಬಹುತೇಕ ರಾಜ್ಯಗಳಲ್ಲಿ ಈ ಪದ್ಧತಿ ಇಲ್ಲ. ನವೆಂಬರ್ ತಿಂಗಳ ಆ ಮತಪತ್ರ ಎಷ್ಟು ಉದ್ದ ಗೊತ್ತಾ? ಅಧ್ಯಕ್ಷ, ಗವರ್ನರ್, ಸಂಸತ್ತು, ರಾಜ್ಯದ ಮೇಲ್ಮನೆ, ಕೆಳಮನೆ, ಕೌಂಟಿಯ ಕಮಿಷನರ್, ಖಜಾಂಚಿ, ಸರ್ವೇಯರ್, ಕಡೆಗೆ ಸತ್ತವರ ಸಾವಿನ ಕಾರಣ ಹುಡುಕುವ ಕರೋನರ್ ಕೂಡ ಪಕ್ಷದ ಟಿಕೆಟ್ಟಿನಲ್ಲಿ ನಿಲ್ಲುತ್ತಾರೆ. ಸರ್ವೇಯರ್ ಯಾರು ಅಂತ ಯಾರಿಗೆ ಗೊತ್ತಿರುತ್ತದೆ! ಮೇಲಿನ ಹೆಸರಿಗಾಗಿ ಬಂದವರು ಒಂದು ಗುರುತು ಹಾಕಿ ಮನೆಗೆ ಹೋಗುತ್ತಾರೆ. ಅಧ್ಯಕ್ಷೀಯ ಗಾಳಿ ಹೀಗೆ ಕೌಂಟಿ ಕಚೇರಿಯವರೆಗೂ ಬೀಸುತ್ತದೆ. ಮೇಯರ್ ಮಾತ್ರ ಬೇರೆ ವರ್ಷದಲ್ಲಿ ನಿಲ್ಲುವುದರಿಂದ ಅದರಿಂದ ತಪ್ಪಿಸಿಕೊಳ್ಳುತ್ತಾರೆ.

ಹಳೇ ಸಮಾಜವಾದದ ನಂಟನ್ನೂ ಹೇಳಲೇಬೇಕು, ಯಾಕೆಂದರೆ ನಿಮ್ಮ ಮಗಳು ಅದರ ಮುಂದೆಯೇ ಓಡಾಡುತ್ತಾಳೆ. ಇಂಡಿಯಾನಾ ಸ್ಟೇಟ್ ಕ್ಯಾಂಪಸ್ಸಿನ ಕಟ್ಟಡಗಳ ನಡುವೆ ಒಂದು ಎರಡಂತಸ್ತಿನ ಹಳೇ ಮನೆ ಇದೆ. ಯೂಜೀನ್ ಡೆಬ್ಸ್ ಅವರ ಮನೆ, ಈಗ ಮ್ಯೂಸಿಯಂ. 1855ರಲ್ಲಿ ಇದೇ ಊರಿನಲ್ಲಿ ಹುಟ್ಟಿದವರು. ರೈಲ್ವೆ ಕಾರ್ಮಿಕರ ನಾಯಕ. ಸೋಷಿಯಲಿಸ್ಟ್ ಆಗಿ ಐದು ಸಲ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಮೊದಲನೇ ಮಹಾಯುದ್ಧದ ವಿರುದ್ಧ ಭಾಷಣ ಮಾಡಿದ್ದಕ್ಕೆ ಜೈಲಾಯಿತು. 1920ರಲ್ಲಿ ಅಟ್ಲಾಂಟಾ ಜೈಲಿನೊಳಗಿಂದಲೇ ಸ್ಪರ್ಧಿಸಿ 9 ಲಕ್ಷಕ್ಕೂ ಹೆಚ್ಚು ಓಟು ತೆಗೆದುಕೊಂಡರು. 1935ರಲ್ಲಿ ಇಲ್ಲಿನ ಪಾತ್ರೆ ಕಾರ್ಖಾನೆಯ ಮುಷ್ಕರ ಇಡೀ ಊರಿಗೆ ಹಬ್ಬಿ, ಗವರ್ನರ್ ಸೈನ್ಯದ ಆಡಳಿತ ಹೇರಬೇಕಾಯಿತು. ಆದರೆ ಸ್ವಂತ ಊರಿನಲ್ಲೂ ಡೆಬ್ಸ್ ಪಕ್ಷ ದೊಡ್ಡ ಎರಡು ಪಕ್ಷಗಳನ್ನು ಹಿಂದೆ ಹಾಕಲಿಲ್ಲ. ಅವರನ್ನು ಊರು ಪ್ರೀತಿಸಿತು, ಓಟು ಬೇರೆಯವರಿಗೆ ಹಾಕಿತು. ಇದೂ ನಮಗೆ ಗೊತ್ತಿರುವ ಕಥೆಯೇ.

ಇನ್ನೊಂದು ಕಡೆ ಅದೇ ಕಾಲದಲ್ಲಿ ಊರಿಗೆ ಕೆಟ್ಟ ಹೆಸರೂ ಇತ್ತು. 1914ರ ಚುನಾವಣೆಯಲ್ಲಿ ಕಳ್ಳ ಓಟು, ಸುಳ್ಳು ಹೆಸರಿನ ನೋಂದಣಿ ಎಷ್ಟು ನಡೆಯಿತೆಂದರೆ ನೂರಕ್ಕೂ ಹೆಚ್ಚು ಜನರ ಮೇಲೆ ಕೇಂದ್ರದ ಕೇಸು ಬಿತ್ತು. ಮೇಯರ್ ಡಾನ್ ರಾಬರ್ಟ್ಸ್, ಒಬ್ಬ ಜಡ್ಜು, ಶೆರಿಫ್, ಎಲ್ಲರೂ 1915ರಲ್ಲಿ ತಪ್ಪಿತಸ್ಥರಾದರು. ಈಗಿನ ಚುನಾವಣೆಗೆ ಇದರ ಸಂಬಂಧ ಏನೂ ಇಲ್ಲ. ಸುಮ್ನೆ ಹೇಳಿದೆ, ಬಿಡಲು ಮನಸ್ಸಾಗಲಿಲ್ಲ.

ಸರಿ, ಚಿಕ್ಕ ಊರಿನ ಒಲವು ತಿಳಿಯುವುದು ಹೇಗೆ? ಇಂಡಿಯಾನಾದಲ್ಲಿ ಮತದಾರರ ನೋಂದಣಿಯಲ್ಲಿ ಪಕ್ಷದ ಹೆಸರೇ ಬರೆಸುವುದಿಲ್ಲ. "ಅಲ್ಲಿ ಇಷ್ಟು ಜನ ನೋಂದಾಯಿತ ರಿಪಬ್ಲಿಕನ್ನರು" ಅಂತ ಯಾರಾದರೂ ಹೇಳಿದರೆ ಅದನ್ನು ಪಕ್ಕಕ್ಕಿಡಿ. ಕೌಂಟಿ ಕ್ಲರ್ಕ್ ಕಚೇರಿ ಪ್ರಕಟಿಸುವ ಮತಗಟ್ಟೆವಾರು ಫಲಿತಾಂಶ ನೋಡಿ. ಒಂದೇ ಚುನಾವಣೆ ನೋಡಬೇಡಿ. ಅಧ್ಯಕ್ಷರ ಚುನಾವಣೆ ಒಂದು, ಮೇಯರ್ ಚುನಾವಣೆ ಒಂದು, ಜನಮತಗಣನೆ ಒಂದು, ಮೂರನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ.

ಜನಮತಗಣನೆ ಯಾಕೆ ಅಂದರೆ ಅಲ್ಲಿ ಪಕ್ಷದ ಹೆಸರಿರುವುದಿಲ್ಲ, ಜನರ ಜೇಬು ಮತ್ತು ಮನಸ್ಸು ನೇರವಾಗಿ ಕಾಣುತ್ತದೆ. 2019ರ ನವೆಂಬರಿನಲ್ಲಿ ವಿಗೊ ಜನರನ್ನು ಕ್ಯಾಸಿನೊ ಬೇಕಾ ಎಂದು ಕೇಳಿದರು. ಚರ್ಚು ತುಂಬಿದ ಕೌಂಟಿ ದೊಡ್ಡ ಬಹುಮತದಿಂದ ಬೇಕು ಅಂದಿತು. 2024ರಲ್ಲಿ ಕ್ಯಾಸಿನೊ ಬಾಗಿಲು ತೆರೆಯಿತು. ಅದೇ ದಿನ ಶಾಲೆಗಳಿಗೆ ಹೆಚ್ಚಿನ ತೆರಿಗೆಗೂ ಒಪ್ಪಿಗೆ ಕೊಟ್ಟರು. 2022ರಲ್ಲಿ ಹೈಸ್ಕೂಲು ಕಟ್ಟಡಗಳನ್ನು ಹೊಸದಾಗಿ ಕಟ್ಟಲು ಭಾರಿ ಮೊತ್ತ ಕೇಳಿದಾಗ ಸಾರಾಸಗಟಾಗಿ ಬೇಡ ಅಂದರು. ಎಡ, ಬಲ ಎಂಬ ಅಳತೆಗೆ ಇದ್ಯಾವುದೂ ಸಿಕ್ಕುವುದಿಲ್ಲ.

ಜನಸಂಖ್ಯೆಯ ಲೆಕ್ಕದಲ್ಲೂ ಹುಷಾರು. ಊರಿನ ಅಂಚಿನಲ್ಲಿ ಕೇಂದ್ರ ಸರ್ಕಾರದ ದೊಡ್ಡ ಜೈಲಿದೆ. ದೇಶದ ಕೇಂದ್ರ ಮರಣದಂಡನೆಗಳು ನಡೆಯುವುದೂ ಅಲ್ಲೇ. ಕೈದಿಗಳನ್ನು ಜನಗಣತಿಯಲ್ಲಿ ಇಲ್ಲಿಯವರೆಂದೇ ಎಣಿಸುತ್ತಾರೆ, ಓಟು ಮಾತ್ರ ಇಲ್ಲ. ವಿದ್ಯಾರ್ಥಿಗಳನ್ನೂ ಇಲ್ಲೇ ಎಣಿಸುತ್ತಾರೆ. ಅವರಲ್ಲಿ ಎಷ್ಟೋ ಜನ ಅಪ್ಪ ಅಮ್ಮನ ಊರಿನಲ್ಲೇ ಓಟು ಇಟ್ಟುಕೊಂಡಿರುತ್ತಾರೆ.

ಪಕ್ಷ ಗೊತ್ತಾದ ಮಾತ್ರಕ್ಕೆ ಮನುಷ್ಯ ಗೊತ್ತಾಗುವುದಿಲ್ಲ ಎಂಬುದಕ್ಕೆ ಒಂದು ಹೊಸ ಉದಾಹರಣೆ. 2025ರಲ್ಲಿ ಟ್ರಂಪ್ ಕಡೆಯಿಂದ ಇಂಡಿಯಾನಾದ ಸಂಸತ್ ಕ್ಷೇತ್ರಗಳ ಗಡಿಯನ್ನು ಪಕ್ಷಕ್ಕೆ ಲಾಭವಾಗುವಂತೆ ಮತ್ತೆ ಬರೆಯಬೇಕೆಂದು ಭಾರಿ ಒತ್ತಡ ಬಂತು. ಡಿಸೆಂಬರಿನಲ್ಲಿ ರಿಪಬ್ಲಿಕನ್ನರೇ ತುಂಬಿರುವ ರಾಜ್ಯ ಸೆನೆಟ್ ಅದನ್ನು 31-19ರಿಂದ ತಿರಸ್ಕರಿಸಿತು. ಬೇಡ ಅಂದವರಲ್ಲಿ ಟೆರಾ ಹೋಟ್‌ನ ರಿಪಬ್ಲಿಕನ್ ಸೆನೆಟರ್ ಗ್ರೆಗ್ ಗುಡ್ ಕೂಡ ಒಬ್ಬರು.

ಇನ್ನು ನಿಮ್ಮ ಮಗಳ ವಿಷಯ. ಪಕ್ಕದ ಮನೆಯವರು ಯಾರಿಗೆ ಓಟು ಹಾಕಿದರು ಎಂಬುದರಿಂದ ಅವಳ ದಿನಚರಿ ನಿರ್ಧಾರವಾಗುವುದಿಲ್ಲ. ಚುನಾವಣೆ ಹತ್ತಿರ ಬಂದಾಗ ಮನೆ ಮುಂದಿನ ಹುಲ್ಲಿನಲ್ಲಿ ಅಭ್ಯರ್ಥಿಗಳ ಬೋರ್ಡು ನೆಡುತ್ತಾರೆ. ಕ್ಯಾಂಪಸ್ ಪಕ್ಕ ಒಂದು ಹೆಸರು, ಹತ್ತು ನಿಮಿಷ ಕಾರಿನಲ್ಲಿ ಹೋದರೆ ಇನ್ನೊಂದು ಹೆಸರು ಕಾಣಬಹುದು. ನೋಡಿ ಸುಮ್ಮನಿದ್ದರೆ ಸಾಕು. ಯಾರೂ ಯಾವತ್ತೂ ಒರಟಾಗಿ ಮಾತಾಡುವುದಿಲ್ಲ ಅಂತ ನಾನು ಭರವಸೆ ಕೊಡಲಾರೆ. ಆದರೆ ಅಂಥದ್ದು ನೀಲಿ ಊರಿನಲ್ಲೂ ಆಗುತ್ತದೆ.

ಅವಳ ಮೇಲೆ ನಿಜವಾಗಿ ಪರಿಣಾಮ ಮಾಡುವುದು ಊರಿಗಿಂತ ರಾಜ್ಯ ಮತ್ತು ವಾಷಿಂಗ್ಟನ್. ವೀಸಾ ನಿಯಮ ಬರೆಯುವುದು ಕೇಂದ್ರ. ಗರ್ಭಪಾತಕ್ಕೆ ಇಂಡಿಯಾನಾದಲ್ಲಿ 2023ರ ಆಗಸ್ಟಿನಿಂದ ಬಹುಮಟ್ಟಿಗೆ ನಿಷೇಧವಿದೆ. ಟೆರಾ ಹೋಟ್ ಮೇಯರ್ ಯಾವ ಪಕ್ಷದವರಾದರೂ ಅದು ಬದಲಾಗುವುದಿಲ್ಲ. ಹೆಣ್ಣುಮಗಳನ್ನು ಕಳಿಸುವವರು ಇದನ್ನು ತಿಳಿದಿರಬೇಕು ಅಂತ ಹೇಳಿದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಡ್ರೈವಿಂಗ್ ಲೈಸೆನ್ಸ್ ಅಥವಾ ಗುರುತಿನ ಚೀಟಿ ಮಾಡಿಸಲು ಅವಳು ಬಿಎಂವಿ ಎಂಬ ಕಚೇರಿಗೆ ಹೋಗುತ್ತಾಳೆ. 1993ರ ಕೇಂದ್ರ ಕಾನೂನಿನಂತೆ ಅಲ್ಲೇ ಮತದಾರರ ನೋಂದಣಿಯ ಪ್ರಶ್ನೆಯೂ ಬರುತ್ತದೆ. ವಿದ್ಯಾರ್ಥಿ ವೀಸಾದಲ್ಲಿ ಇರುವವರು ಅದಕ್ಕೆ "ಬೇಡ" ಅಂತಲೇ ಹೇಳಬೇಕು. ಗೊತ್ತಿಲ್ಲದೆ "ಹೌದು" ಅಂತ ಗುರುತು ಹಾಕಿ, ನಾಗರಿಕಳೆಂದು ಸಹಿ ಮಾಡಿಬಿಟ್ಟರೆ ವೀಸಾಕ್ಕೆ ಕುತ್ತು ಬರುತ್ತದೆ, ಗಡಿಪಾರಿನವರೆಗೂ ಹೋಗಬಹುದು. ಕ್ಯಾಂಪಸ್ಸಿನಲ್ಲಿ ಮೇಜು ಹಾಕಿಕೊಂಡು ನಗುನಗುತ್ತಾ ಫಾರಂ ಕೊಡುವ ಹುಡುಗರಿಗೂ ಇದೇ ಉತ್ತರ. ಯಾವ ಅಭ್ಯರ್ಥಿಗೂ ಐದು ಡಾಲರ್ ಚಂದಾ ಕೂಡ ಕೊಡುವಂತಿಲ್ಲ, ಗ್ರೀನ್ ಕಾರ್ಡ್ ಇಲ್ಲದ ವಿದೇಶಿಯರಿಗೆ ಅದೂ ನಿಷಿದ್ಧ. ಚರ್ಚೆ ಕೇಳಲು, ಸಭೆಗೆ ಹೋಗಿ ಕೂರಲು, ಡೆಬ್ಸ್ ಮನೆ ನೋಡಿ ಬರಲು ಏನೂ ಅಡ್ಡಿಯಿಲ್ಲ.